ಮುಳುಗಿದ ದಿನವೇ ಘಾಟಿ ಹತ್ತಬೇಡಿ

ರಜೆ ಹತ್ತಿರ ಬಂತೆಂದರೆ ಸಂಪಾಜೆಯ ನನ್ನ ಚಿಕಿತ್ಸಾಲಯಕ್ಕೆ ಕಾಯಿಲೆಯಿಲ್ಲದವರೂ ಬರತೊಡಗುತ್ತಾರೆ. ಕೈಯಲ್ಲಿ ಅಚ್ಚಾದ ಒಂದು ಹಾಳೆ ಇರುತ್ತದೆ. "ಡಾಕ್ಟ್ರೇ, ಮುರುಡೇಶ್ವರಕ್ಕೆ ಹೊರಟಿದ್ದೇವೆ. ಮಕ್ಕಳಿಗೆ ಸ್ಕೂಬಾ ಮಾಡಬೇಕಂತೆ. ಇದಕ್ಕೊಂದು ರುಜು ಹಾಕಿ ಕೊಡಿ" ಎನ್ನುತ್ತಾರೆ. ರಕ್ತದೊತ್ತಡ ನೋಡಿ, ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಕೆಲಸ ಮುಗಿಯಿತು ಎಂಬುದು ಅವರ ಎಣಿಕೆ. ಆದರೆ ನಾನು ಕೇಳುವ ಇನ್ನೊಂದು ಪ್ರಶ್ನೆ ಅವರಿಗೆ ವಿಚಿತ್ರವಾಗಿ ತೋರುತ್ತದೆ: "ವಾಪಸು ಬರುವುದು ಯಾವಾಗ? ಅದೇ ರಾತ್ರಿ ಮಡಿಕೇರಿ ಹತ್ತುತ್ತೀರಾ?"

ಸಮುದ್ರಕ್ಕೂ ಮಡಿಕೇರಿಯ ಘಾಟಿಗೂ ಏನು ಸಂಬಂಧ ಎಂದು ನಿಮಗೂ ಅನಿಸಬಹುದು. ಸಂಬಂಧವಿದೆ.

ಮುರುಡೇಶ್ವರದ ತೀರದಿಂದ ಸುಮಾರು 19 ಕಿ.ಮೀ. ದೂರದಲ್ಲಿ ನೇತ್ರಾಣಿ ಎಂಬ ಪುಟ್ಟ ದ್ವೀಪವಿದೆ. ಸುತ್ತ ಹವಳದ ಬಂಡೆಗಳು, ಬಣ್ಣಬಣ್ಣದ ಮೀನುಗಳು. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಇಲ್ಲಿಗೆ ದೋಣಿಗಳು ಹೋಗುತ್ತವೆ. ಈಜು ಬಾರದವರನ್ನೂ ತರಬೇತುದಾರರು ಜೊತೆಯಲ್ಲೇ ಇದ್ದು ನೀರಿನಡಿಗೆ ಕರೆದೊಯ್ಯುತ್ತಾರೆ. ಪಯಸ್ವಿನಿಯ ಗುಂಡಿಯಲ್ಲಿ ಈಜಿ ಬೆಳೆದ ನಮ್ಮ ಕಡೆಯ ಹುಡುಗರಿಗೆ ಇದರ ಮೇಲೆ ಆಸೆಯಾಗುವುದು ಸಹಜ. ನಾನು ಬೇಡ ಎನ್ನುವವನಲ್ಲ. ಆದರೆ ನೀರಿನಡಿಯಲ್ಲಿ ದೇಹಕ್ಕೆ ಏನಾಗುತ್ತದೆ ಎಂದು ತಿಳಿದು ಹೋಗುವುದು ಒಳ್ಳೆಯದು.

ಕಿವಿಗೆ ಮೊದಲ ಪೆಟ್ಟು

ಮಡಿಕೇರಿಯಿಂದ ಸಂಪಾಜೆಗೆ ಬಸ್ಸಿನಲ್ಲಿ ಇಳಿಯುವಾಗ ಕಿವಿ ಮುಚ್ಚಿದಂತಾಗುವುದು ನಿಮಗೆಲ್ಲ ಗೊತ್ತು. ಮದೆನಾಡು, ಜೋಡುಪಾಲ ದಾಟುತ್ತಿದ್ದಂತೆ ಮಗು ಅಳತೊಡಗುತ್ತದೆ, ದೊಡ್ಡವರು ಉಗುಳು ನುಂಗುತ್ತಾರೆ. ಕೆಳಗಿಳಿದಂತೆ ಹೊರಗಿನ ಗಾಳಿಯ ಒತ್ತಡ ಹೆಚ್ಚಾಗಿ ಕಿವಿಯ ತಮಟೆಯನ್ನು ಒಳಕ್ಕೆ ತಳ್ಳುವುದೇ ಇದಕ್ಕೆ ಕಾರಣ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ಯುಸ್ಟೇಕಿಯನ್ ನಾಳ ತೆರೆದುಕೊಂಡಾಗ ಒಳಗೂ ಗಾಳಿ ಹೋಗಿ ಕಿವಿ ಬಿಡುತ್ತದೆ.

ಆ ಇಡೀ ಘಾಟಿಯ ಸುಮಾರು ಸಾವಿರ ಮೀಟರ್ ಇಳಿತದಲ್ಲಿ ಎಷ್ಟು ಒತ್ತಡ ಹೆಚ್ಚುತ್ತದೆಯೋ, ಸಮುದ್ರದಲ್ಲಿ ಬರೀ ಒಂದು ಮೀಟರ್‌ಗಿಂತ ತುಸು ಹೆಚ್ಚು ಆಳಕ್ಕೆ ಇಳಿದರೆ ಅಷ್ಟೇ ಹೆಚ್ಚುತ್ತದೆ! ಹತ್ತು ಮೀಟರ್ ಆಳದಲ್ಲಿ ಒತ್ತಡ ನೆಲದ ಮೇಲಿನದರ ಎರಡರಷ್ಟು. ಆದ್ದರಿಂದಲೇ ಇಳಿಯುವಾಗ ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಉಸಿರು ಒತ್ತಿ ಕಿವಿ ಬಿಡಿಸಿಕೊಳ್ಳಲು ಕಲಿಸುತ್ತಾರೆ. ನೋವು ಬರುವ ಮೊದಲೇ, ಇಳಿದಷ್ಟೂ ಹೊತ್ತು ಮತ್ತೆ ಮತ್ತೆ ಇದನ್ನು ಮಾಡಬೇಕು. ಕಿವಿ ಬಿಡದಿದ್ದರೆ ಸ್ವಲ್ಪ ಮೇಲಕ್ಕೆ ಬಂದು ಪ್ರಯತ್ನಿಸಬೇಕೇ ಹೊರತು ಬಲವಾಗಿ ಊದಬಾರದು.

ನೆಗಡಿಯಾದಾಗ ಈ ನಾಳ ಊದಿಕೊಂಡು ಮುಚ್ಚಿರುತ್ತದೆ. ಅಂಥ ದಿನ ನೀರಿಗಿಳಿದರೆ ತಮಟೆ ಹರಿಯಬಹುದು. "ಮುಂಗಡ ಕೊಟ್ಟಾಗಿದೆ ಡಾಕ್ಟ್ರೇ, ಮೂಗಿಗೆ ಹನಿ ಹಾಕಿಕೊಂಡು ಇಳಿಯಲೇ?" ಎಂದು ಕೇಳುವವರಿದ್ದಾರೆ. ಬೇಡ. ಹನಿಯ ಪ್ರಭಾವ ನೀರಿನಡಿಯಲ್ಲೇ ಇಳಿದುಹೋದರೆ ಮೇಲೆ ಬರುವಾಗ ಕಿವಿಯೊಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ.

ಗೋಲಿ ಸೋಡಾದ ಪಾಠ

ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿ ಆಮ್ಲಜನಕವಿದೆ ಎಂದೇ ಬಹಳ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಅದರಲ್ಲಿರುವುದು ನಾವು ನೀವು ಉಸಿರಾಡುವ ಗಾಳಿಯೇ. ಅದನ್ನು ಒತ್ತಿ ತುಂಬಿರುತ್ತಾರೆ, ಅಷ್ಟೆ. ಗಾಳಿಯ ಐದರಲ್ಲಿ ನಾಲ್ಕು ಪಾಲಿನಷ್ಟು ಸಾರಜನಕ. ನೆಲದ ಮೇಲೆ ಅದು ನಮಗೆ ಉಪಕಾರವನ್ನೂ ಮಾಡದು, ಅಪಕಾರವನ್ನೂ ಮಾಡದು. ನೀರಿನಡಿಯಲ್ಲಿ ಮಾತ್ರ ಒತ್ತಡಕ್ಕೆ ಸಿಕ್ಕಿ ರಕ್ತದಲ್ಲಿ, ಕೊಬ್ಬಿನಲ್ಲಿ, ನರಗಳಲ್ಲಿ ಹೆಚ್ಚು ಹೆಚ್ಚಾಗಿ ಕರಗುತ್ತದೆ. ಹೆಚ್ಚು ಆಳ, ಹೆಚ್ಚು ಹೊತ್ತು ಇದ್ದಷ್ಟೂ ಹೆಚ್ಚು.

ಗೋಲಿ ಸೋಡಾ ಒಡೆಯುವುದನ್ನು ನೆನಪಿಸಿಕೊಳ್ಳಿ. ಮುಚ್ಚಿದ ಬಾಟಲಿಯಲ್ಲಿ ಗುಳ್ಳೆಯೇ ಕಾಣದು. ಗೋಲಿ ಕೆಳಕ್ಕೆ ಒತ್ತಿದೊಡನೆ ಒತ್ತಡ ಇಳಿದು ನೊರೆಯುಕ್ಕುತ್ತದೆ. ಮುಳುಗಿದವರು ಅವಸರದಲ್ಲಿ ಮೇಲಕ್ಕೆ ಬಂದರೆ ದೇಹದೊಳಗೆ ಸಾರಜನಕವೂ ಹೀಗೆಯೇ ಗುಳ್ಳೆಗಟ್ಟುತ್ತದೆ. ಕೀಲಿನ ಬಳಿ ಗುಳ್ಳೆಯಾದರೆ ನೋವು, ಚರ್ಮದಲ್ಲಾದರೆ ತುರಿಕೆ, ಬೆನ್ನುಹುರಿಯಲ್ಲಾದರೆ ಕಾಲಿನ ಬಲವೇ ಹೋಗಬಹುದು. ಇದಕ್ಕೆ ಒತ್ತಡ ಇಳಿತದ ಕಾಯಿಲೆ ಎನ್ನಬಹುದು. ಮುಳುಗುವವರ ಬಾಯಲ್ಲಿ ಇದು 'ಬೆಂಡ್ಸ್'.

ಕಾಯಿಲೆ ಹೊಸದಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಡಿಪಾಯಕ್ಕಾಗಿ ನದಿಯ ತಳದಲ್ಲಿ, ಒತ್ತಿದ ಗಾಳಿ ತುಂಬಿದ ದೊಡ್ಡ ಪೆಟ್ಟಿಗೆಗಳೊಳಗೆ ಕೆಲಸ ಮಾಡಿದ ಅನೇಕರಿಗೆ ಇದು ಬಡಿಯಿತು. ಮುಖ್ಯ ಇಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಇದರಿಂದ ಹಾಸಿಗೆ ಹಿಡಿದರು. ಸೇತುವೆ 1883ರಲ್ಲಿ ಮುಗಿಯುವವರೆಗೂ ಅವರ ಸೂಚನೆಗಳನ್ನು ಕೆಲಸದ ಜಾಗಕ್ಕೆ ಮುಟ್ಟಿಸಿದವರು ಪತ್ನಿ ಎಮಿಲಿ. ಮುಂದೆ ಜೆ.ಎಸ್. ಹಾಲ್ಡೇನ್ ಎಂಬ ವಿಜ್ಞಾನಿ ಆಡುಗಳ ಮೇಲೆ ಪ್ರಯೋಗ ನಡೆಸಿ, ಹಂತಹಂತವಾಗಿ ನಿಂತು ಮೇಲೆ ಬಂದರೆ ಅಪಾಯ ತಪ್ಪುತ್ತದೆಂದು 1908ರಲ್ಲಿ ಲೆಕ್ಕ ಹಾಕಿಕೊಟ್ಟರು. ಇಂದಿಗೂ ಮುಳುಗುವವರು ಆ ಲೆಕ್ಕದ ಋಣದಲ್ಲಿದ್ದಾರೆ.

ಘಾಟಿ ಏಕೆ ಬೇಡ?

ದೋಣಿ ಹತ್ತಿ ಬಟ್ಟೆ ಬದಲಿಸಿದ ಮಾತ್ರಕ್ಕೆ ಒಳಗಿನ ಸಾರಜನಕ ಹೋಗಿಬಿಡುವುದಿಲ್ಲ. ಉಸಿರಿನ ಮೂಲಕ ಮೆಲ್ಲಮೆಲ್ಲಗೆ, ಗಂಟೆಗಟ್ಟಲೆ ಹೊತ್ತು ಹೊರಹೋಗುತ್ತಿರುತ್ತದೆ. ಅಷ್ಟರಲ್ಲಿ ಎತ್ತರದ ಜಾಗಕ್ಕೆ ಹೋದರೆ ಸೋಡಾ ಬಾಟಲಿಯ ಬಾಯಿ ಇನ್ನಷ್ಟು ತೆರೆದಂತೆ. ವಿಮಾನ ಹತ್ತಬಾರದು ಎನ್ನುವುದು ಇದಕ್ಕಾಗಿಯೇ. ಒಂದೇ ಬಾರಿ, ಹೆಚ್ಚು ಆಳವಿಲ್ಲದೆ ಮುಳುಗಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಬಾರಿ ಅಥವಾ ಹಲವು ದಿನ ಮುಳುಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕೆಂಬುದು ತಜ್ಞರ ಸಲಹೆ. ನಾನು ಎಲ್ಲರಿಗೂ ಹೇಳುವುದು ಒಂದು ಪೂರ್ತಿ ದಿನ, ಲೆಕ್ಕವೂ ಸುಲಭ.

ವಿಮಾನದ ಮಾತು ಎಲ್ಲರೂ ಹೇಳುತ್ತಾರೆ. ಘಾಟಿಯ ಮಾತು ಯಾರಿಗೂ ನೆನಪಾಗುವುದಿಲ್ಲ. ಈ ಸಲಹೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿನ ಜಾಗಗಳಿಗೂ ಅನ್ವಯಿಸುತ್ತದೆ. ಮಡಿಕೇರಿ ಇರುವುದು ಸುಮಾರು 1,150 ಮೀಟರಿನಲ್ಲಿ. ಅಲ್ಲಿನ ಗಾಳಿಯ ಒತ್ತಡ ಕಡಲತೀರಕ್ಕಿಂತ ಎಂಟನೇ ಒಂದು ಪಾಲಿನಷ್ಟು ಕಡಿಮೆ. ಬೆಂಗಳೂರು ಕೂಡ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬೆಳಿಗ್ಗೆ ಎರಡು ಬಾರಿ ಮುಳುಗಿ, ಮೀನೂಟ ಮುಗಿಸಿ, ಮಂಗಳೂರು, ಸುಳ್ಯದ ಮೇಲೆ ಕಾರಿನಲ್ಲಿ ಹೊರಟವರು ರಾತ್ರಿ ಊಟದ ಹೊತ್ತಿಗೆ ಮಡಿಕೇರಿಯಲ್ಲಿರುತ್ತಾರೆ. ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿದವರ ಕಥೆಯೂ ಅಷ್ಟೆ.

ಒಮ್ಮೆ ಆರೇಳು ಮೀಟರ್ ಇಳಿದು ಬಂದವರಿಗೆ ಈ ಅಪಾಯ ತೀರಾ ಕಡಿಮೆ ಎಂಬುದನ್ನೂ ಹೇಳಬೇಕು. ಹೆದರಿ ಕೂರುವ ಅಗತ್ಯವಿಲ್ಲ. ಆದರೆ ಒಂದು ರಾತ್ರಿ ತೀರದಲ್ಲಿ ತಂಗಿದರೆ ತಪ್ಪುವ ಅಪಾಯವನ್ನು ಏಕೆ ಹೊತ್ತು ತರಬೇಕು?

ಲಕ್ಷಣ ಕಂಡರೆ

ಭುಜ, ಮೊಣಕೈ, ಮಂಡಿಯಲ್ಲಿ ಕೊರೆಯುವ ನೋವು, ಮೈಮೇಲೆ ತುರಿಕೆ ಅಥವಾ ಬಣ್ಣಗೆಟ್ಟ ಕಲೆಗಳು, ಕಾರಣವಿಲ್ಲದ ವಿಪರೀತ ಸುಸ್ತು, ಜೋಮು, ತಲೆಸುತ್ತು, ಮೂತ್ರ ಕಟ್ಟುವುದು, ನಡಿಗೆ ತೂರಾಡುವುದು. ಇವು ಹೆಚ್ಚಾಗಿ ಮೊದಲ ಕೆಲವು ಗಂಟೆಗಳಲ್ಲೇ ಕಾಣಿಸುತ್ತವೆ. ಎತ್ತರಕ್ಕೆ ಹೋದವರಲ್ಲಿ ತಡವಾಗಿಯೂ ಬರಬಹುದು. ದೋಣಿಯಲ್ಲಿ ಉಳುಕಿರಬೇಕು ಎಂದು ಬಿಸಿ ಎಣ್ಣೆ ತಿಕ್ಕಿ, ನೋವಿನ ಮಾತ್ರೆ ನುಂಗಿ ಮಲಗಬೇಡಿ. ರೋಗಿಯನ್ನು ನಡೆಸದೆ ಮಲಗಿಸಿ. ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಮುಖವಾಡದ ಮೂಲಕ ಆಮ್ಲಜನಕ ಕೊಡಿಸಿ. ಎಚ್ಚರವಿದ್ದು ವಾಂತಿಯಿಲ್ಲದಿದ್ದರೆ ನೀರು ಕುಡಿಸಬಹುದು. ಮತ್ತೆ ನೀರಿಗಿಳಿಸಿ ಸರಿಮಾಡುವ ಸಾಹಸ ಸಲ್ಲದು.

"ನೀರಿನಡಿ ಮುಳುಗಿದ್ದೆ, ಇಂತಿಷ್ಟು ಆಳ, ಇಂತಿಷ್ಟು ಹೊತ್ತು" ಎಂದು ವೈದ್ಯರಿಗೆ ನೀವೇ ಹೇಳಬೇಕು. ನನ್ನಂಥ ಸಾಮಾನ್ಯ ವೈದ್ಯರು ಇದನ್ನು ದಿನನಿತ್ಯ ನೋಡುವವರಲ್ಲ. ನೀವು ಹೇಳದಿದ್ದರೆ ವಾತವೆಂದೇ ಚೀಟಿ ಬರೆದೇವು. ನಿಜವಾದ ಚಿಕಿತ್ಸೆಯೆಂದರೆ ಒತ್ತಡ ಹೆಚ್ಚಿಸಿದ ಕೋಣೆಯಲ್ಲಿಟ್ಟು ಆಮ್ಲಜನಕ ಕೊಡುವುದು. ಆ ಕೋಣೆ ಎಲ್ಲ ಆಸ್ಪತ್ರೆಗಳಲ್ಲೂ ಇರುವುದಿಲ್ಲ. ಎಲ್ಲಿದೆ, ಕೆಲಸ ಮಾಡುತ್ತಿದೆಯೇ ಎಂದು ದೋಣಿ ಹತ್ತುವ ಮೊದಲೇ ಆಯೋಜಕರನ್ನು ಕೇಳಿ. ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯೇ ಎಂದೂ ಕೇಳಿ. ಉತ್ತರಿಸಲು ತಡವರಿಸುವವರ ದೋಣಿ ಹತ್ತದಿರುವುದೇ ಲೇಸು.

ಇನ್ನು ಆ ರುಜುವಿನ ಹಾಳೆ. ಅದರಲ್ಲಿ ಕೇಳಿರುವ ಪ್ರಶ್ನೆಗಳಿಗೆಲ್ಲ 'ಇಲ್ಲ' ಎಂದು ಗೀಚಿ ತರುವವರೇ ಹೆಚ್ಚು. ಉಬ್ಬಸ, ಮೂರ್ಛೆರೋಗ, ಹೃದಯದ ಕಾಯಿಲೆ, ಹಿಂದೆಂದಾದರೂ ಶ್ವಾಸಕೋಶ ಕುಸಿದದ್ದು, ಕಿವಿಯ ಶಸ್ತ್ರಚಿಕಿತ್ಸೆ, ಇನ್ಸುಲಿನ್ ಬಳಕೆ, ಇವನ್ನು ಮುಚ್ಚಿಡಬೇಡಿ. ಗರ್ಭಿಣಿಯರು ಇಳಿಯಲೇಬಾರದು. ಉಬ್ಬಸದವರ ಶ್ವಾಸಕೋಶದಲ್ಲಿ ಗಾಳಿ ಸಿಕ್ಕಿಕೊಂಡರೆ ಮೇಲೇರುವಾಗ ಅದು ಹಿಗ್ಗುತ್ತದೆ; ಹತ್ತು ಮೀಟರ್ ಆಳದ ಒಂದು ಲೀಟರ್ ಗಾಳಿ ಮೇಲ್ಮೈಯಲ್ಲಿ ಎರಡು ಲೀಟರ್. ಆರೋಗ್ಯವಂತರು ಕೂಡ ಮೇಲೆ ಬರುವಾಗ ಉಸಿರು ಬಿಗಿಹಿಡಿದರೆ ಶ್ವಾಸಕೋಶ ಹರಿದು ಗಾಳಿ ನೇರವಾಗಿ ರಕ್ತಕ್ಕೆ ನುಗ್ಗಿ ಮೆದುಳಿಗೆ ಹೋಗಬಹುದು. ಹೊಳೆಯಲ್ಲಿ ಉಸಿರು ಕಟ್ಟಿ ಮುಳುಗಿ ಅಭ್ಯಾಸವಾದ ನಮ್ಮ ಹುಡುಗರಿಗೆ ಇದನ್ನು ಎರಡೆರಡು ಸಲ ಹೇಳುತ್ತೇನೆ.

ಪ್ರವಾಸದ ಕಾರ್ಯಕ್ರಮ ಹಾಕುವಾಗ ಮುಳುಗುವುದನ್ನು ಮೊದಲ ದಿನಕ್ಕೆ ಇಟ್ಟುಕೊಳ್ಳಿ. ಆ ರಾತ್ರಿ ಮುರುಡೇಶ್ವರದಲ್ಲೇ ತಂಗಿ, ಮರುದಿನ ಇಡಗುಂಜಿ, ಗೋಕರ್ಣ ನೋಡಿ. ಎರಡೂ ತೀರದ ಆಸುಪಾಸಿನಲ್ಲೇ ಇವೆ. ಮೂರನೆಯ ದಿನ ಬೆಳಿಗ್ಗೆ ಊರ ದಾರಿ ಹಿಡಿದರೆ ಸಂಪಾಜೆ ಗೇಟು ದಾಟಿ ಘಾಟಿ ಹತ್ತುವಾಗ ಬಾಧಿಸುವುದು ತಿರುವುಗಳ ವಾಂತಿಯೊಂದೇ. ಅದಕ್ಕೆ ಮಾತ್ರೆ ನನ್ನಲ್ಲಿದೆ.