ಕೆಸರು ಕಾಪಾಡಿದ ರಾಜಧಾನಿ

ಪುರಾತನ ರಾಜಧಾನಿ ಎಂದೊಡನೆ ಕಲ್ಲಿನ ಕೋಟೆ, ಮುರಿದ ಕಂಬಗಳು ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಜಪಾನಿನ ನಾರಾ ನಗರದ ಸಂಗತಿಯೇ ಬೇರೆ. ಅಲ್ಲಿಯ ಅರಮನೆ ಮರದ್ದು. ರಾಜಧಾನಿ ಬೇರೆಡೆಗೆ ಹೋದ ಮೇಲೆ ಅದರ ನೆಲ ಬತ್ತದ ಗದ್ದೆಯಾಯಿತು. ಹೀಗಿದ್ದರೂ ಆ ಗದ್ದೆಗಳ ಅಡಿಯಲ್ಲಿ ಎಂಟನೆಯ ಶತಮಾನದ ಮರದ ಪಟ್ಟಿಗಳು, ತಮ್ಮ ಮೇಲಿನ ಅಕ್ಷರಗಳೊಡನೆ, ಉಳಿದುಬಂದಿವೆ. ಮಣ್ಣಿನಲ್ಲಿ ಹೂತ ಮರ ಕೊಳೆಯಬೇಕಲ್ಲವೆ? ಇವು ಕೊಳೆಯದೆ ಉಳಿದುದು ಹೇಗೆ?

ಮೊದಲು ಆ ಸೀಮೆಯ ನೆಲವನ್ನು ನೋಡೋಣ. ಹೋಂಶು ದ್ವೀಪದಲ್ಲಿ, ಓಸಾಕಾ ಕೊಲ್ಲಿಯ ಪೂರ್ವಕ್ಕೆ, ಬಟ್ಟಲಿನಂತಹ ಬಯಲೊಂದಿದೆ. ಹಿಂದಿನ ಯಾಮಾತೊ ಸೀಮೆಯ ಹೃದಯವೇ ಇದು. ಪಶ್ಚಿಮಕ್ಕೆ ಇಕೋಮಾ ಮತ್ತು ಕೊಂಗೊ ಬೆಟ್ಟಗಳು, ದಕ್ಷಿಣಕ್ಕೆ ಯೋಶಿನೊ ಪರ್ವತಗಳು, ಪೂರ್ವಕ್ಕೆ ಎತ್ತರದ ನೆಲ. ಸುತ್ತಲಿನಿಂದ ಇಳಿಯುವ ಹೊಳೆಗಳು ಯಾಮಾತೊ ನದಿಯನ್ನು ಕೂಡಿಕೊಂಡು, ಪಶ್ಚಿಮದ ಬೆಟ್ಟಗಳ ಸಂದಿನಿಂದ ಕಡಲಿಗೆ ಹರಿಯುತ್ತವೆ. ಸುತ್ತಲ ಬೆಟ್ಟಗಳು ತೇವಗಾಳಿಯನ್ನು ತಡೆಯುವುದರಿಂದ ಬಯಲಿನಲ್ಲಿ ಮಳೆ ಕಡಿಮೆ. ಆದುದರಿಂದ ಅಲ್ಲಿಯ ರೈತರು ಅಸಂಖ್ಯ ಕೆರೆಗಳನ್ನು ಕಟ್ಟಿಕೊಂಡು ಗದ್ದೆಗಳಿಗೆ ನೀರುಣಿಸಿದರು.

710ರಲ್ಲಿ ಈ ಬಯಲಿನ ಉತ್ತರದಂಚಿನಲ್ಲಿ ಹೈಜೊ ಎಂಬ ರಾಜಧಾನಿ ನಿರ್ಮಾಣವಾಯಿತು. ಚೀನಾದ ಚಾಂಗಾನ್ ನಗರವೇ ಅದಕ್ಕೆ ಮಾದರಿ. ಚದುರಂಗದ ಹಲಗೆಯಂತೆ ಬೀದಿಗಳು; ನಡುವಿನ ಹೆದ್ದಾರಿಯ ಅಗಲ 70 ಮೀಟರಿಗೂ ಹೆಚ್ಚು. 735ರಿಂದ 737ರವರೆಗೆ ಸಿಡುಬು ದೇಶವನ್ನೆಲ್ಲ ಕಾಡಿತು. ಇಂತಹ ವಿಪತ್ತುಗಳಿಂದ ನೊಂದಿದ್ದ ಶೋಮು ಚಕ್ರವರ್ತಿ 743ರಲ್ಲಿ ಬೃಹತ್ ಬುದ್ಧವಿಗ್ರಹವನ್ನು ಎರಕ ಹೊಯ್ಯಿಸಲು ಸಂಕಲ್ಪಿಸಿದನು. 752ರಲ್ಲಿ ಅದರ ನೇತ್ರೋನ್ಮೀಲನವನ್ನು ನೆರವೇರಿಸಿದವನು ಭಾರತದಿಂದ ಹೋಗಿದ್ದ ಬೋಧಿಸೇನನೆಂಬ ಭಿಕ್ಷು. ಆದರೆ 784ರಲ್ಲಿ ರಾಜಧಾನಿ ನಾಗಾವೊಕಕ್ಕೂ, 794ರಲ್ಲಿ ಇಂದಿನ ಕ್ಯೋಟೊಗೂ ಹೋಯಿತು. ವಿಹಾರಗಳ ಪ್ರಾಬಲ್ಯವೂ, ಸರಕು ಸಾಗಿಸಲು ದೊಡ್ಡ ನದಿ ಸಮೀಪದಲ್ಲಿ ಇಲ್ಲದುದೂ ಇದಕ್ಕೆ ಕಾರಣಗಳೆಂದು ವಿದ್ವಾಂಸರು ಹೇಳುತ್ತಾರೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಮರವನ್ನು ಕೊಳೆಯಿಸುವ ಶಿಲೀಂಧ್ರಗಳಿಗೆ ಆಮ್ಲಜನಕ ಬೇಕು. ಸದಾ ನೀರು ತುಂಬಿದ ಮಣ್ಣಿನೊಳಕ್ಕೆ ಗಾಳಿ ಇಳಿಯುವುದು ಬಹು ಸ್ವಲ್ಪ. ಆದುದರಿಂದ ಕೊಳೆಯುವಿಕೆ ಬಹುಮಟ್ಟಿಗೆ ತಡೆಯಲ್ಪಡುತ್ತದೆ. ಬರೆದ ಮಸಿಯಾದರೋ ಕಾಡಿಗೆಯದು, ಎಂದರೆ ಇಂಗಾಲ. ಅದು ಸುಲಭವಾಗಿ ಕೆಡದು. 1961ರಲ್ಲಿ ಅರಮನೆಯ ನೆಲದಲ್ಲಿ ಇಂತಹ ಪಟ್ಟಿಗಳು ಮೊದಲು ದೊರೆತವು. ಜಪಾನೀಯರು ಇವನ್ನು ಮೊಕ್ಕಾನ್ ಎನ್ನುತ್ತಾರೆ. ಪ್ರಾಂತಗಳಿಂದ ಕಂದಾಯವಾಗಿ ಬಂದ ಉಪ್ಪು, ಮೀನು, ಕಡಲಪಾಚಿ, ಅಕ್ಕಿ ಮೊದಲಾದವುಗಳ ಮೂಟೆಗಳಿಗೆ ಕಟ್ಟಿದ ಚೀಟಿಗಳೂ ಇವುಗಳಲ್ಲಿವೆ. ರಾಜರ ಚರಿತ್ರೆ ಹೇಳದೆ ಬಿಟ್ಟ ಜನರ ಬದುಕು ಇವುಗಳಲ್ಲಿದೆ.

ಆದರೆ ಕಾಪಾಡಿದ ನೀರೇ ಅಪಾಯಕ್ಕೂ ಕಾರಣವಾಗಬಲ್ಲದು. ಹೂತ ಮರದ ಜೀವಕೋಶಗಳ ಗೋಡೆ ಸವೆದು, ಒಳಗಿನ ನೀರೊಂದೇ ಅದರ ಆಕಾರವನ್ನು ಹಿಡಿದಿರುತ್ತದೆ. ಅದನ್ನು ಬಿಸಿಲಿಗಿಟ್ಟರೆ ಕೋಶಗಳು ಕುಸಿದು, ಮರ ಮುರುಟಿಹೋಗುತ್ತದೆ. ಆದುದರಿಂದ ತಜ್ಞರು ಪಟ್ಟಿಗಳನ್ನು ನೀರಿನಲ್ಲಿಯೇ ಇಟ್ಟು, ಮೇಣದಂತಹ ಪಾಲಿಎಥಿಲೀನ್ ಗ್ಲೈಕಾಲ್ ಮುಂತಾದ ವಸ್ತುಗಳನ್ನು ನಿಧಾನವಾಗಿ ಒಳತುಂಬಿ, ಬಳಿಕ ಒಣಗಿಸುತ್ತಾರೆ. ಮಾಸಿದ ಬರಹವನ್ನು ಅವಕೆಂಪು ಕಿರಣಗಳ ಚಿತ್ರದಿಂದ ಓದುತ್ತಾರೆ.

1988ರಲ್ಲಿ ಮಳಿಗೆಯೊಂದರ ಕಟ್ಟಡಕ್ಕಾಗಿ ನೆಲ ಅಗೆಯುವಾಗ ನಾಗಾಯ ರಾಜಕುಮಾರನ ನಿವಾಸ ಬೆಳಕಿಗೆ ಬಂದಿತು. ಅಲ್ಲಿ ಸುಮಾರು 35,000 ಮೊಕ್ಕಾನ್‌ಗಳು ಸಿಕ್ಕವು. ಕಟ್ಟಡವೂ ಎದ್ದಿತು. ಅಗೆಯದೆ ಉಳಿದಿರುವ ನೆಲ ಇನ್ನೂ ಬಹಳ ಉಂಟು. ಅಲ್ಲಿಯ ಅಂತರ್ಜಲ ಕೆಳಗಿಳಿದರೆ, ಯಾರೂ ಓದದ ಆ ಬರಹಗಳು ಯಾರಿಗೂ ತಿಳಿಯದಂತೆ ನೆಲದಲ್ಲಿಯೇ ನಾಶವಾಗುವುವು. ಅರಮನೆಯ ಗೋಡೆಯನ್ನು ಕಾಯುವುದು ಸುಲಭ. ನಾರಾದಲ್ಲಿ ಕಾಯಬೇಕಾದುದು ಕಣ್ಣಿಗೆ ಕಾಣದ ನೀರಿನ ಮಟ್ಟವನ್ನು.