ಗಟಾರದ ನೀರಿಗೆ ಕೆಸರೇ ಮದ್ದು

ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಹಿರಣ್ಯಕೇಶಿ ಮುಂದೆ ಘಟಪ್ರಭೆಯನ್ನು ಸೇರುತ್ತದೆ. ಘಟಪ್ರಭೆ ಗೋಕಾಕದಲ್ಲಿ ಧುಮುಕಿ ಮೂಡಲಗಿ ಸೀಮೆಯತ್ತ ಹರಿಯುತ್ತದೆ. ಮೇಲಿನ ಊರಿನ ಗಟಾರ ಹೊಳೆ ಸೇರಿದರೆ ಅದರ ಪಾಲು ಕೆಳಗಿನ ಊರಿಗೆ ತಪ್ಪಿದ್ದಲ್ಲ.

ಶುದ್ಧ ಹೊಳೆಯ ಒಂದು ಲೀಟರು ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ. ಒಂದು ಲೀಟರು ಕೊಳಚೆಯಲ್ಲಿನ ಹೊಲಸನ್ನು ತಿಂದು ಮುಗಿಸಲು ಬ್ಯಾಕ್ಟೀರಿಯಾಗಳಿಗೆ 200ರಿಂದ 300 ಮಿಲಿಗ್ರಾಂ ಬೇಕು. ಅಂದರೆ ಒಂದು ಕೊಡ ಕೊಳಚೆ ಏನಿಲ್ಲವೆಂದರೂ ಇಪ್ಪತ್ತೈದು ಕೊಡ ಹೊಳೆನೀರಿನ ಉಸಿರು ಹೀರುತ್ತದೆ. ಮೀನು ಸಾಯಲು ವಿಷವೇ ಬೇಕೆಂದಿಲ್ಲ. ಬ್ಯಾಕ್ಟೀರಿಯಾಗಳ ಈ ಊಟ ಹೊಳೆಯಲ್ಲಿ ನಡೆಯುವ ಬದಲು ತೊಟ್ಟಿಯಲ್ಲೇ ಮುಗಿಯಲಿ ಎಂಬುದಷ್ಟೇ ಶುದ್ಧೀಕರಣ ಘಟಕದ ಲೆಕ್ಕಾಚಾರ.

ಇದರ ಗುಟ್ಟು ತಿಳಿದದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ರಸಾಯನವಿಜ್ಞಾನಿ ಗಿಲ್ಬರ್ಟ್ ಫೌಲರ್ ಅವರ ಸಲಹೆಯಂತೆ ಆರ್ಡರ್ನ್ ಮತ್ತು ಲಾಕೆಟ್ ಬಾಟಲಿಗಳಲ್ಲಿ ಕೊಳಚೆ ತುಂಬಿ ಗಾಳಿ ಊದಿದರು. ಮೊದಲ ಸಲ ಅದು ತಿಳಿಯಾಗಲು ವಾರಗಟ್ಟಲೆ ಹಿಡಿಯಿತು. ತಳದ ಕೆಸರನ್ನು ಅವರು ಚೆಲ್ಲಲಿಲ್ಲ. ಹೆಪ್ಪು ಉಳಿಸಿಕೊಂಡಂತೆ ಉಳಿಸಿಕೊಂಡು ಹೊಸ ಕೊಳಚೆ ಸುರಿದರು. ಸಲಸಲಕ್ಕೂ ಕೆಸರು ಹೆಚ್ಚಿತು, ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. 1914ರಲ್ಲಿ ಅವರು ಇದನ್ನು ಪ್ರಕಟಿಸಿದರು. ಎರಡೇ ವರ್ಷದಲ್ಲಿ, 1916ರಲ್ಲಿ, ಫೌಲರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಅದೇ ಸಂಸ್ಥೆಯಲ್ಲಿ 1940ರ ದಶಕದಲ್ಲಿ ಎಸ್.ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್ ಆ ಕೆಸರಿನಲ್ಲಿರುವ ಪ್ರೊಟೊಜೋವಾ ಎಂಬ ಏಕಕೋಶ ಜೀವಿಗಳ ಬೆನ್ನುಬಿದ್ದರು. ಸೂಕ್ಷ್ಮದರ್ಶಕದಲ್ಲಿ ಇಣುಕಿದರೆ ಕೆಸರಿನ ಉಂಡೆಗೆ ತೊಟ್ಟಿನಿಂದ ಅಂಟಿಕೊಂಡ ಗಂಟೆಯಾಕಾರದ ಜೀವಿಗಳು ಕಾಣುತ್ತವೆ. ಬಾಯಂಚಿನ ಕೂದಲೆಳೆಗಳನ್ನು ಆಡಿಸುತ್ತ, ಉಂಡೆಗೆ ಅಂಟದೆ ತೇಲುವ ಬ್ಯಾಕ್ಟೀರಿಯಾಗಳನ್ನು ಅವು ಎಳೆದು ನುಂಗುತ್ತವೆ. ನೀರು ತಿಳಿಯಾಗುವುದರಲ್ಲಿ ಅವುಗಳದೂ ದೊಡ್ಡ ಪಾಲು. ಇವತ್ತಿಗೂ ಘಟಕದ ಆರೋಗ್ಯ ನೋಡಬೇಕಾದರೆ ಬಲ್ಲವರು ಮೊದಲು ಹುಡುಕುವುದು ಇವನ್ನೇ.

ಇಷ್ಟೆಲ್ಲ ಇದ್ದೂ ಈ ವಿಧಾನ ಎಲ್ಲ ಊರಿಗೂ ಹೊಂದುತ್ತದೆ ಎನ್ನಲಾರೆ. ಗಾಳಿ ಊದುವ ಯಂತ್ರವೇ ಘಟಕದ ಕರೆಂಟಿನ ಅರ್ಧದಷ್ಟನ್ನು ತಿನ್ನುತ್ತದೆ. ಹೊತ್ತುಗಟ್ಟಲೆ ಕರೆಂಟು ಹೋಯಿತೆಂದರೆ ಕೆಸರಿನ ಜೀವಿಗಳು ಉಸಿರುಗಟ್ಟಿ ಸಾಯತೊಡಗುತ್ತವೆ, ತೊಟ್ಟಿ ನಾರುತ್ತದೆ. ಮೂಡಲಗಿಯಂಥ ಸಣ್ಣ ಪಟ್ಟಣಕ್ಕೆ ನನ್ನ ಓಟು ಆಳವಿಲ್ಲದ ಕೊಳಗಳಿಗೆ. ಅಲ್ಲಿ ಬಿಸಿಲುಂಡ ಪಾಚಿ ಆಮ್ಲಜನಕ ಒದಗಿಸುತ್ತದೆ, ಬ್ಯಾಕ್ಟೀರಿಯಾ ಹೊಲಸು ತಿನ್ನುತ್ತದೆ, ಮೋಟರಿನ ಹಂಗಿಲ್ಲ. ಬಿಸಿಲಿಗಂತೂ ಈ ಕಡೆ ಬರವಿಲ್ಲ. ಬೇಕಾದದ್ದು ಎಕರೆಗಟ್ಟಲೆ ಜಾಗ, ಅದನ್ನು ಕಬ್ಬಿನ ನಾಡಿನಲ್ಲಿ ಕೊಳಚೆಗೆಂದು ಕೇಳಲು ಹೋಗುವವರಿಗೆ ಗುಂಡಿಗೆ ಗಟ್ಟಿ ಇರಬೇಕು.