ಗಾಳಿ ತಿರುಗಿಸುವ ಉಳಿ

ಲೇತಿಗೆ ಕೊಟ್ಟು ತೆಳ್ಳಗೆ ಕಡೆದ ಮರದ ಹೂದಾನಿ. ಗೋಡೆಯ ದಪ್ಪ ಎರಡು ಮಿಲಿಮೀಟರಿನ ಆಸುಪಾಸು. ಆ ಗೋಡೆಯ ತುಂಬ ಎಲೆ, ಬಿದಿರು, ಜಾಲರಿಯ ವಿನ್ಯಾಸ. ಗೆರೆಗಳ ನಡುವಿನ ಮರವನ್ನೆಲ್ಲ ಕೊರೆದು ತೆಗೆದಿರುವುದರಿಂದ ಬೆಳಕು ಒಳಗಿಂದ ತೂರಿ ಬರುತ್ತದೆ. ಅಮೆರಿಕದ ಇಲಿನಾಯ್‌ನಲ್ಲಿ ನೆಲೆಸಿದ್ದ ಬಿನ್ ಫೋ ಹೆಸರು ಮಾಡಿದ್ದು ಇಂಥ ಕೆಲಸದಿಂದ. 1955ರಲ್ಲಿ ವಿಯೆಟ್ನಾಮಿನಲ್ಲಿ ಹುಟ್ಟಿ, ಸೈಗಾನ್ ಪತನದ ನಂತರ ದೇಶ ತೊರೆದು, 1979ರಲ್ಲಿ ಅಮೆರಿಕ ಸೇರಿದ ಅವರು 2017ರಲ್ಲಿ ತೀರಿಕೊಂಡರು. ಅಷ್ಟು ತೆಳುವಾದ ಮರಕ್ಕೆ ಉಳಿ ಇಟ್ಟು ಕೊಡತಿಯಿಂದ ಬಡಿದರೆ ಸೀಳಿಹೋಗುತ್ತದೆ. ಅವರ ಕೈಯಲ್ಲಿದ್ದದ್ದು ದಂತವೈದ್ಯರು ಹಲ್ಲು ಕೊರೆಯಲು ಹಿಡಿಯುವಂಥ ಗಾಳಿ ಡ್ರಿಲ್ಲು.

ಈ ಉಪಕರಣ ಹುಟ್ಟಿದ್ದೇ ಹಲ್ಲಿಗಾಗಿ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ದಂತವೈದ್ಯಕೀಯ ಶಾಲೆಯ ಡೀನ್ ಆಗಿದ್ದ ಜಾನ್ ವಾಲ್ಷ್ 1949ರಲ್ಲಿ ಗಾಳಿಯಿಂದ ತಿರುಗುವ ಡ್ರಿಲ್ಲಿಗೆ ಪೇಟೆಂಟ್ ಕೇಳಿದರು. ಅಮೆರಿಕದ ದಂತವೈದ್ಯ ಜಾನ್ ಬೋರ್ಡನ್ 1957ರಲ್ಲಿ ‘ಏರೋಟರ್’ ಎಂಬ ಹೆಸರಿನಲ್ಲಿ ಅಂಥ ಡ್ರಿಲ್ಲನ್ನು ಮಾರುಕಟ್ಟೆಗೆ ತಂದರು. ನಮ್ಮ ಊರುಗಳ ದಂತವೈದ್ಯರು ಇಂದಿಗೂ ಆ ಹೆಸರನ್ನೇ ಬಳಸುತ್ತಾರೆ. ಪಕ್ಷಿಗಳ ಗರಿ ಕೆತ್ತುವವರು, ಮೊಟ್ಟೆಯ ಚಿಪ್ಪಿನಲ್ಲಿ ಕುಸುರಿ ಮಾಡುವವರು, ಲೇತ್ ಕಲಾವಿದರು ಅದನ್ನು ತಮ್ಮದಾಗಿಸಿಕೊಂಡಿದ್ದು ಆಮೇಲಿನ ಮಾತು.

ಮರಗೆಲಸದಲ್ಲಿ ಬಳಕೆಯಾಗುವ ಗಾಳಿಯಂತ್ರಗಳು ಮುಖ್ಯವಾಗಿ ಎರಡು ಜಾತಿ. ಒಂದು, ವರ್ಕ್‌ಶಾಪುಗಳಲ್ಲಿ ಕಾಣುವ ಏರ್ ಡೈ ಗ್ರೈಂಡರ್. ಇದರೊಳಗಿನ ರೋಟರಿನ ಸೀಳುಗಳಲ್ಲಿ ಚಪ್ಪಟೆ ಪಟ್ಟಿಗಳಿರುತ್ತವೆ. ಗಾಳಿ ಅವನ್ನು ತಳ್ಳಿದಾಗ ನಿಮಿಷಕ್ಕೆ 20,000ದಿಂದ 25,000 ಸುತ್ತು ತಿರುಗುತ್ತದೆ. ಕಸುವಿದೆ, ಮರವನ್ನು ಚೆನ್ನಾಗಿ ತಿನ್ನುತ್ತದೆ, ಆದರೆ 90 ಪಿಎಸ್‌ಐ ಒತ್ತಡದಲ್ಲಿ ಗಾಳಿಯನ್ನು ಎಡೆಬಿಡದೆ ಕುಡಿಯುತ್ತದೆ. ಪಂಕ್ಚರ್ ಅಂಗಡಿಯ ಚಿಕ್ಕ ಕಂಪ್ರೆಸರ್ ಅದರ ಮುಂದೆ ಸ್ವಲ್ಪ ಹೊತ್ತಿನಲ್ಲೇ ಸುಸ್ತಾಗುತ್ತದೆ. ಇನ್ನೊಂದು, ಏರೋಟರ್ ಜಾತಿಯ ಟರ್ಬೈನ್. ತಲೆಯೊಳಗೆ ಪುಟ್ಟ ಗಾಳಿಚಕ್ರ, ಅದರ ಎರಡೂ ಕಡೆ ಸಾಸಿವೆಗಿಂತ ಸಣ್ಣ ಗುಂಡುಗಳ ಬೇರಿಂಗು. ಟೈರಿಗೆ ಹಾಕುವಷ್ಟೇ ಒತ್ತಡ, ಅಂದರೆ 30ರಿಂದ 40 ಪಿಎಸ್‌ಐ ಸಾಕು. ವೇಗ ಮಾತ್ರ ನಿಮಿಷಕ್ಕೆ 3ರಿಂದ 4 ಲಕ್ಷ ಸುತ್ತು. ಕರೆಂಟಿನ ಕೈಯಂತ್ರಗಳು ಸಾಮಾನ್ಯವಾಗಿ 35,000ದ ಹತ್ತಿರ ನಿಲ್ಲುತ್ತವೆ.

ಇಷ್ಟು ವೇಗವಿದ್ದರೂ ಟರ್ಬೈನಿಗೆ ಬಲವಿಲ್ಲ. ಉಳಿ ಹಿಡಿದು ಪಳಗಿದವರು ಮೊದಲ ಸಲ ಹಿಡಿದಾಗ ಅಭ್ಯಾಸಬಲದಿಂದ ಒತ್ತುತ್ತಾರೆ. ಒತ್ತಿದ ಕ್ಷಣವೇ ಸದ್ದು ಇಳಿದು ಬರ್, ಅಂದರೆ ಕೊರೆಯುವ ತುದಿ, ನಿಂತುಬಿಡುತ್ತದೆ. ಇದನ್ನು ಪೆನ್ನಿನಂತೆ ಹಿಡಿದು, ಗೆರೆಯ ಮೇಲೆ ಹಗುರವಾಗಿ ಎಳೆಯಬೇಕು. ಮರ ತೆಗೆಯುವುದು ವೇಗ, ಕೈ ದಾರಿ ತೋರಿಸಿದರೆ ಸಾಕು. ಉಳಿಗೆ ಮರದ ನಾರಿನ ದಿಕ್ಕು ನೋಡಿ ನಡೆಯಬೇಕಾದ ಕಟ್ಟುಪಾಡಿದೆ. ಎದುರು ನಾರಿಗೆ ಹೋದರೆ ಚಕ್ಕೆ ಎದ್ದು ಬರುತ್ತದೆ. ಟರ್ಬೈನಿಗೆ ನಾರು ಯಾವ ಕಡೆಗಿದ್ದರೂ ಒಂದೇ. ಕಿಂಡಿ ಕೊರೆಯುವವರು ಮೊದಲು ತುದಿಯಿಂದ ಒಂದು ತೂತು ಮಾಡಿ, ಅಲ್ಲಿಂದ ಗೆರೆ ಹಿಡಿದು ಸಾಗುತ್ತಾರೆ. ಅಂಚು ಕಪ್ಪಾಯಿತೆಂದರೆ ಬರ್ ಮೊಂಡಾಗಿದೆ, ಇಲ್ಲವೇ ಅದರ ಹಲ್ಲುಗಳ ನಡುವೆ ಮರದ ಅಂಟು ಕಟ್ಟಿಕೊಂಡಿದೆ. ಹಿತ್ತಾಳೆಯ ಬ್ರಷ್ಷಿನಿಂದ ಉಜ್ಜಿ ಬಿಡಿಸಬೇಕು. ಡೈ ಗ್ರೈಂಡರಿನ ಬರ್‌ಗಳನ್ನು ಇದಕ್ಕೆ ಹಾಕುವ ಸಾಹಸ ಬೇಡ. ಟರ್ಬೈನಿನ ಬರ್‌ಗೆ 1.6 ಮಿಲಿಮೀಟರ್ ಕಾಂಡ, ಮತ್ತು ಆ ವೇಗಕ್ಕೆಂದೇ ಮಾಡಿದ್ದಾಗಿರಬೇಕು. ಬಾಗಿದ ಬರ್ 3 ಲಕ್ಷ ಸುತ್ತಿನಲ್ಲಿ ಮುರಿದು ಹಾರಿದರೆ ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು, ಕನ್ನಡಕ ಕಡ್ಡಾಯ.

ಈ ಯಂತ್ರಗಳು ಕೆಡುವುದು ಹೆಚ್ಚಾಗಿ ಮರದಿಂದಲ್ಲ, ಗಾಳಿಯಿಂದ. ಕಂಪ್ರೆಸರ್ ಗಾಳಿಯನ್ನು ಅದುಮಿದಾಗ ಅದು ಬಿಸಿಯಾಗುತ್ತದೆ. ಟ್ಯಾಂಕಿನಲ್ಲಿ ತಣ್ಣಗಾದಾಗ ಅದರಲ್ಲಿದ್ದ ತೇವ ನೀರಾಗಿ ತಳಕ್ಕೆ ಇಳಿಯುತ್ತದೆ. ಆಷಾಢದ ಮಲೆನಾಡಿನಲ್ಲೋ ಕರಾವಳಿಯಲ್ಲೋ ದಿನದ ಕೆಲಸ ಮುಗಿಸಿ ಟ್ಯಾಂಕಿನ ತಳದ ವಾಲ್ವ್ ಬಿಚ್ಚಿ ನೋಡಿ, ತುಕ್ಕುಬಣ್ಣದ ನೀರು ಚಿಮ್ಮುತ್ತದೆ. ಅದನ್ನು ಹಾಗೇ ಬಿಟ್ಟರೆ ಪೈಪಿನಲ್ಲಿ ಸಾಗಿ ಬೇರಿಂಗಿಗೆ ತಲುಪುತ್ತದೆ. ಹಾಗಾಗಿ ದಿನವೂ ನೀರು ಬಸಿಯಬೇಕು, ಪೈಪಿನ ದಾರಿಯಲ್ಲಿ ಫಿಲ್ಟರ್ ಮತ್ತು ರೆಗ್ಯುಲೇಟರ್ ಇರಬೇಕು. ವೇಗ ಹೆಚ್ಚಲೆಂದು ಒತ್ತಡ ಏರಿಸುವವರಿದ್ದಾರೆ. ಅದರಿಂದ ಹೆಚ್ಚುವುದು ಬೇರಿಂಗಿನ ಸವೆತ.

ಎಣ್ಣೆಯ ವಿಷಯದಲ್ಲಿ ಎರಡಕ್ಕೂ ಒಂದೇ ನಿಯಮವಿಲ್ಲ. ಡೈ ಗ್ರೈಂಡರಿಗೆ ಕೆಲಸಕ್ಕೆ ಮೊದಲು ಗಾಳಿ ಹೋಗುವ ಬಾಯಿಗೆ ಎರಡು ಮೂರು ಹನಿ ಏರ್ ಟೂಲ್ ಆಯಿಲ್. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಬಿಟ್ಟರೆ ಬರಬರುತ್ತ ಅಂಟುಗಟ್ಟಿ ಪಟ್ಟಿಗಳು ಸಿಕ್ಕಿಹಾಕಿಕೊಳ್ಳುತ್ತವೆ. ಟರ್ಬೈನಿಗೆ ಹ್ಯಾಂಡ್‌ಪೀಸಿನ (ಕೈಯಲ್ಲಿ ಹಿಡಿಯುವ ಭಾಗದ) ಸ್ಪ್ರೇ ಎಣ್ಣೆಯನ್ನು ಗಾಳಿಯ ರಂಧ್ರಕ್ಕೆ ಹೊಡೆದು, ಬರ್ ಹಾಕಿಯೇ ಒಂದಷ್ಟು ಸೆಕೆಂಡು ತಿರುಗಿಸಿ, ಹೊರಬಂದ ಎಣ್ಣೆಯನ್ನು ಬಟ್ಟೆಯಿಂದ ಒರೆಸಬೇಕು. ಒರೆಸದಿದ್ದರೆ ಆ ತುಂತುರು ಮರದ ಮೇಲೆ ಕೂತು ಪಾಲಿಶ್ ಹಿಡಿಯುವುದಿಲ್ಲ. ಎಣ್ಣೆ ಬೇಡದ ಟರ್ಬೈನುಗಳೂ ಇವೆ. ಅವಕ್ಕೆ ಎಣ್ಣೆ ಹಾಕುವುದೇ ತಪ್ಪು. ಬರ್ ಇಲ್ಲದೆ ಖಾಲಿ ಓಡಿಸಬಾರದು, ತಿರುಗುವಾಗ ಬರ್ ಬಿಡಿಸುವ ತಲೆಯ ಗುಂಡಿ ಒತ್ತಬಾರದು. ಸದ್ದು ಒರಟಾದರೆ, ಬರ್ ನಡುಗಿದರೆ ಬೇರಿಂಗಿನ ಆಯುಷ್ಯ ಮುಗಿಯಿತೆಂದರ್ಥ. ಗಾಳಿಚಕ್ರ, ಬೇರಿಂಗು ಕೂಡಿರುವ ಒಳಗಿನ ಕಾರ್ಟ್ರಿಡ್ಜ್ ಬದಲಿಸಿದರೆ ಹ್ಯಾಂಡ್‌ಪೀಸ್ ಮತ್ತೆ ಹೊಸದು.

ನಮ್ಮಲ್ಲಿ ಇದರಿಂದ ಏನುಪಯೋಗ? ಸಾಗರ, ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆಗೆ ಇದನ್ನು ತರಬೇಕೆಂದು ನಾನು ಹೇಳಲಾರೆ. ಗಂಧದ ಚಕ್ಕೆಗೂ ಪುಡಿಗೂ ಬೆಲೆಯಿದೆ. ಉಳಿ ಉದುರಿಸಿದ ಚಕ್ಕೆಯನ್ನು ಗುಡಿಸಿ ಇಡಬಹುದು, ಟರ್ಬೈನ್ ಎಬ್ಬಿಸಿದ ಪುಡಿ ಗಾಳಿಪಾಲು. ಆದರೆ ಚನ್ನಪಟ್ಟಣದಲ್ಲಿ ಬಿಳಿಯ ಆಲೆಮರವನ್ನು ಲೇತಿಗೆ ಕೊಟ್ಟು ಬಟ್ಟಲು ತೆಗೆಯುವ ಕೈಗಳಿವೆ. ನಯವಾದ, ಸೂಕ್ಷ್ಮ ನಾರಿನ ಆ ಮರ ಕಿಂಡಿ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ತೆಂಗಿನ ಚಿಪ್ಪೂ ಅಷ್ಟೇ.

ಪುಡಿಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಮರದ ಧೂಳನ್ನು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಬೀಟೆಯ ಧೂಳಿಗೆ ಹಲವರ ಚರ್ಮ ಕೆರಳುತ್ತದೆ. ಟರ್ಬೈನಿನ ಧೂಳು ಉಳಿಯ ಚಕ್ಕೆಯಂತೆ ಕೆಳಗೆ ಬೀಳುವುದಿಲ್ಲ, ಮುಖದ ಮಟ್ಟದಲ್ಲೇ ತೇಲುತ್ತದೆ. ಬಾಯಿಗೆ ಕಟ್ಟಿದ ಟವೆಲ್ ಅದನ್ನು ತಡೆಯದು. ಎನ್‌95 ಮಾಸ್ಕ್ ಬೇಕು, ಪಕ್ಕದಲ್ಲಿ ಧೂಳನ್ನು ಎಳೆದುಕೊಳ್ಳುವ ಫ್ಯಾನ್ ಬೇಕು, ಕೀಚಲು ಸದ್ದಿಗೆ ಕಿವಿಮುಚ್ಚುಕ ಬೇಕು.

ಕೊಳ್ಳಬೇಕೆಂದಿರುವವರು ಹ್ಯಾಂಡ್‌ಪೀಸಿನ ಬೆಲೆ ಕೇಳುವ ಮೊದಲು ಎರಡು ವಿಷಯ ವಿಚಾರಿಸಿ: ಅದರ ಕಾರ್ಟ್ರಿಡ್ಜ್ ಬಿಡಿಯಾಗಿ ಸಿಗುತ್ತದೆಯೇ, ಪೈಪು ಸೇರುವ ಹಿಂಬದಿ ಎರಡು ರಂಧ್ರದ್ದೋ ನಾಲ್ಕು ರಂಧ್ರದ್ದೋ. ದುಡ್ಡು ಕಡಿಮೆಯಿದ್ದರೆ ಹ್ಯಾಂಡ್‌ಪೀಸ್ ಸಾಧಾರಣದ್ದಾದರೂ ಅಡ್ಡಿಯಿಲ್ಲ, ಕಂಪ್ರೆಸರ್ ಮತ್ತು ಫಿಲ್ಟರ್ ಮಾತ್ರ ಒಳ್ಳೆಯದನ್ನೇ ತೆಗೆದುಕೊಳ್ಳಿ.